ಹಲಾಲ್ ದುಡಿಮೆಯ ಜೊತೆ ಮನೆಗೆ ಬರುವ ವಿಷ

ಬೆವರು ಸುರಿಸಿ ದುಡಿದು ಹೆಂಡತಿ ಮಕ್ಕಳನ್ನು ಸಾಕುವುದೂ ಇಬಾದತ್ ಎಂಬ ಮಾತನ್ನು ನಾವು ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಇನ್ನೊಬ್ಬರ ಮುಂದೆ ಕೈಚಾಚುವುದಕ್ಕಿಂತ ಕಟ್ಟಿಗೆ ಹೊತ್ತು ಮಾರಿ ಬದುಕುವುದು ಮೇಲು ಎಂದು ಪ್ರವಾದಿ(ಸ) ಕಲಿಸಿದರು. ನಮ್ಮ ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದವರೂ ಅವರೇ. ಮೊದಲ ಪಾಠವನ್ನು ನಮ್ಮ ದುಡಿಯುವ ಸಹೋದರರು ಚೆನ್ನಾಗಿ ಪಾಲಿಸುತ್ತಾರೆ. ಎರಡನೆಯದನ್ನು ಮಾತ್ರ ನಾವೆಲ್ಲ ಸೇರಿ ಮರೆತಿದ್ದೇವೆ. ಈ ಲೇಖನ ಆ ಎರಡನೇ ಪಾಠದ ಬಗ್ಗೆ.

ನಮ್ಮ ಮೊಹಲ್ಲಾಗಳಲ್ಲಿ ಒಮ್ಮೆ ಸುತ್ತಾಡಿದರೆ ಸಾಕು. ಬ್ಯಾಟರಿ ರಿಪೇರಿ ಅಂಗಡಿ, ರೇಡಿಯೇಟರ್ ಬೆಸುಗೆಯ ಶೆಡ್, ಗುಜರಿ ಗೋದಾಮು, ಗಾಡಿಗಳ ಹಳೆ ಬಣ್ಣ ಉಜ್ಜಿ ಹೊಸ ಬಣ್ಣ ಹೊಡೆಯುವ ಗ್ಯಾರೇಜು, ಹಳೆ ಟಿವಿ, ಕಂಪ್ಯೂಟರ್ ಬಿಚ್ಚಿ ಬೆಸುಗೆ ಕರಗಿಸುವ ಸಣ್ಣ ಕೋಣೆ ನಮ್ಮ ಕಣ್ಣಿಗೆ ಬೀಳುತ್ತವೆ. ಕರಾವಳಿಯಲ್ಲಿ ಮೀನಿನ ಬಲೆಗೆ ಕಟ್ಟುವ ಗುಂಡುಗಳನ್ನು ಎರಕ ಹೊಯ್ಯುವವರಿದ್ದಾರೆ. ಗಲ್ಫಿಗೆ ಹೋಗಿ ಇಂಥದೇ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ನಮ್ಮವರೂ ಇದ್ದಾರೆ. ಇವೆಲ್ಲ ಹಲಾಲ್ ಕೆಲಸಗಳು, ಗೌರವದ ಕೆಲಸಗಳು. ಆದರೆ ಇವೆಲ್ಲದರಲ್ಲೂ ಸಾಮಾನ್ಯವಾಗಿ ಇರುವ ಒಂದು ವಸ್ತು ಸೀಸ. ಕಾರಿನ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಹಿಂದೆ ಕನ್ನಡ ಪತ್ರಿಕೆಗಳು ಅಚ್ಚಾಗುತ್ತಿದ್ದ ಮೊಳೆಗಳೂ ಸೀಸದವೇ.

ಸೀಸವನ್ನು ನಾವು ಭಯಪಡುವ ವಸ್ತುವೆಂದು ಎಣಿಸುವುದಿಲ್ಲ. ಅದು ಆ್ಯಸಿಡ್‌ನಂತೆ ಚರ್ಮವನ್ನು ಸುಡುವುದಿಲ್ಲ, ವಿದ್ಯುತ್ತಿನಂತೆ ಹೊಡೆಯುವುದಿಲ್ಲ. ಅದರ ಧೂಳಿಗೆ ವಾಸನೆಯಿಲ್ಲ. ಹತ್ತು ವರ್ಷ ಅದರ ನಡುವೆ ಕೆಲಸ ಮಾಡಿದವರು, 'ನಮಗೇನೂ ಆಗಿಲ್ಲವಲ್ಲ' ಎನ್ನುತ್ತಾರೆ. ಆದರೆ ಸೀಸದ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ನಲವತ್ತೈದು ವರ್ಷಕ್ಕೇ ರಕ್ತದೊತ್ತಡ ಬಂದರೆ ಅದಕ್ಕೆ ಮಸಾಲೆ ಊಟವನ್ನೂ ಚಿಂತೆಯನ್ನೂ ದೂರುತ್ತೇವೆ. ಕೈ ನಡುಗಿದರೆ ವಯಸ್ಸಾಯಿತು ಎನ್ನುತ್ತೇವೆ. ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕಿದರೆ ಅವರ ಸ್ವಭಾವವೇ ಹಾಗೆ ಎಂದುಕೊಳ್ಳುತ್ತೇವೆ. ಇವುಗಳ ಹಿಂದೆ ಕೆಲಸದ ಜಾಗದ ಧೂಳು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಒಳಗೆ ಹೋಗುವ ದಾರಿಗಳು

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಾಗಾಗಿ ಬಾಣಲೆಯೊಂದು, ಬೆಂಕಿಯೊಂದು ಇದ್ದರೆ ಅದನ್ನು ಯಾರು ಬೇಕಾದರೂ ಕರಗಿಸಬಹುದು. ಕಾವು ಹೆಚ್ಚಿದಂತೆ ಅದರಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹೊಗೆ ಏಳುತ್ತದೆ. ಉಸಿರಿನಲ್ಲಿ ಹೋದ ಈ ಹೊಗೆ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಬ್ಯಾಟರಿ ಒಡೆದಾಗ ಉದುರುವ ಪುಡಿ, ಹಳೆ ಬಣ್ಣ ಉಜ್ಜಿದಾಗ ಏಳುವ ಧೂಳು ಎರಡನೇ ದಾರಿ ಹಿಡಿಯುತ್ತವೆ. ಅದು ಕೈಯಿಂದ ಬಾಯಿಗೆ. ಅದೇ ಕೈಯಲ್ಲಿ ಚಹಾದ ಲೋಟ ಹಿಡಿಯುತ್ತೇವೆ, ಬನ್ನು ಮುರಿಯುತ್ತೇವೆ. ಕೆಲವರು ಬೀಡಿ ಸೇದುತ್ತಾರೆ, ಪಾನ್ ಹಾಕುತ್ತಾರೆ. ಗಡ್ಡದಲ್ಲಿ, ಮೀಸೆಯಲ್ಲಿ, ಉಗುರಿನ ಸಂದಿಯಲ್ಲಿ ಕುಳಿತ ಧೂಳೂ ನಿಧಾನವಾಗಿ ಹೊಟ್ಟೆ ಸೇರುತ್ತದೆ.

ಇಲ್ಲಿ ರಮಝಾನ್ ತಿಂಗಳಿಗೆ ಸಂಬಂಧಿಸಿದ ಒಂದು ಮಾತನ್ನು ನಾವು ವಿಶೇಷವಾಗಿ ಹೇಳಬೇಕು. ಹೊಟ್ಟೆ ತುಂಬಿರುವಾಗ ನುಂಗಿದ ಸೀಸದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಖಾಲಿಯಿದ್ದಾಗ ಅದು ಹಲವು ಪಟ್ಟು ಹೆಚ್ಚುತ್ತದೆ. ಉಪವಾಸವಿದ್ದು ಇಡೀ ದಿನ ಶೆಡ್ಡಿನಲ್ಲಿ ದುಡಿದ ಸಹೋದರನನ್ನು ನೆನೆಯಿರಿ. ಮಗ್ರಿಬ್ ಅಝಾನ್ ಕೇಳುತ್ತದೆ. ಅವಸರದಲ್ಲಿ ಕೈಗೆ ಒಂದಿಷ್ಟು ನೀರು ಹಾಕಿಕೊಂಡು ಅಂಟಂಟಾದ ಖರ್ಜೂರವನ್ನು ಬೆರಳಲ್ಲಿ ಹಿಡಿದು ಬಾಯಿಗಿಡುತ್ತಾನೆ. ಬೆರಳಿನ ಧೂಳು ಖರ್ಜೂರಕ್ಕೆ ಅಂಟಿ, ಹದಿಮೂರು ಗಂಟೆ ಖಾಲಿಯಿದ್ದ ಹೊಟ್ಟೆಗೆ ಮೊದಲ ತುತ್ತಾಗಿ ಇಳಿಯುತ್ತದೆ. ಇದರಲ್ಲಿ ಉಪವಾಸದ ದೋಷವೇನೂ ಇಲ್ಲ. ತಪ್ಪಿರುವುದು ತೊಳೆಯದ ಕೈಯಲ್ಲಿ. ಸೀಸದ ಧೂಳು ಬರೀ ನೀರಿಗೆ ಪೂರ್ತಿ ಹೋಗುವುದಿಲ್ಲ, ಅದಕ್ಕೆ ಸೋಪು ಹಾಕಿ ಉಜ್ಜಬೇಕು. ವುಝೂ ಮಾಡಿದೆವಲ್ಲ, ಕೈ ಶುದ್ಧವಾಯಿತಲ್ಲ ಎಂದುಕೊಳ್ಳುವುದು ಬೇಡ. ವುಝೂಗೆ ಮೊದಲು ಸೋಪಿನಿಂದ ಮೊಣಕೈವರೆಗೆ, ಮುಖ, ಗಡ್ಡ ಎಲ್ಲವನ್ನೂ ತೊಳೆದರೆ ನಮಾಝಿನ ಶುದ್ಧಿಯ ಜೊತೆ ದೇಹದ ರಕ್ಷಣೆಯೂ ಆಗುತ್ತದೆ.

ನರಗಳಿಗೆ ಏನಾಗುತ್ತದೆ?

ಅಲ್ಲಾಹನು ನಮ್ಮ ದೇಹದಲ್ಲಿ ಕ್ಯಾಲ್ಸಿಯಂಗೆ ದೊಡ್ಡ ಜವಾಬ್ದಾರಿ ಕೊಟ್ಟಿದ್ದಾನೆ. ಎಲುಬಿಗೆ ಬಲ ಕೊಡುವುದಷ್ಟೇ ಅದರ ಕೆಲಸವಲ್ಲ. ಒಂದು ನರದಿಂದ ಇನ್ನೊಂದು ನರಕ್ಕೆ, ನರದಿಂದ ಸ್ನಾಯುವಿಗೆ ಸಂದೇಶ ದಾಟಬೇಕಾದರೆ ಕ್ಯಾಲ್ಸಿಯಂ ಬೇಕು. ದೇಹದೊಳಗೆ ಸೀಸವು ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಕ್ಯಾಲ್ಸಿಯಂ ಹೋಗುವ ಬಾಗಿಲುಗಳಲ್ಲೇ ಒಳನುಗ್ಗಿ ಅದರ ಜಾಗದಲ್ಲಿ ಕುಳಿತುಕೊಳ್ಳುತ್ತದೆ, ಆದರೆ ಅದರ ಕೆಲಸ ಮಾಡುವುದಿಲ್ಲ. ಆಗ ಸಂದೇಶಗಳು ತಡವಾಗುತ್ತವೆ, ತಪ್ಪಾಗುತ್ತವೆ.

ಮೊದಮೊದಲು ತಲೆನೋವು, ಆಯಾಸ, ಮರೆವು, ನಿದ್ದೆಗೆಡುವುದು, ಸಿಡುಕು ಕಾಣಿಸುತ್ತವೆ. ಹೊಟ್ಟೆಯಲ್ಲಿ ಹಿಂಡಿದಂಥ ನೋವು, ಮಲಬದ್ಧತೆ, ಬಾಯಲ್ಲಿ ಲೋಹದ ರುಚಿಯೂ ಇರಬಹುದು. ರಕ್ತಹೀನತೆಯಿಂದ ಮುಖ ಬಿಳಿಚಿಕೊಳ್ಳುತ್ತದೆ. ಹಲವು ವರ್ಷ ಹೆಚ್ಚು ಪ್ರಮಾಣದಲ್ಲಿ ಸೀಸ ಸೇರಿದರೆ ಕೈಕಾಲುಗಳ ನರಗಳೇ ಸೋಲುತ್ತವೆ. ಮಣಿಕಟ್ಟನ್ನು ಮೇಲೆತ್ತುವ ನರ ಸೋತು ಅಂಗೈ ಜೋತುಬೀಳುವುದು ಸೀಸದ ವಿಷದ ಹಳೆಯ ಗುರುತು. ಅದೂ ಹೆಚ್ಚಾಗಿ, ದಿನವಿಡೀ ದುಡಿಯುವ ಕೈಗೇ ಮೊದಲು ಬರುತ್ತದೆ. ಮನೆಗೆ ಅನ್ನ ತರುವ ಕೈಯೇ ಎತ್ತಲಾಗದಂತಾಗುವುದು ಎಂಥ ಪರೀಕ್ಷೆ!

ಹೃದಯಕ್ಕೆ ಏನಾಗುತ್ತದೆ?

ನಮ್ಮ ರಕ್ತನಾಳಗಳ ಒಳಪದರವು ನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ತಯಾರಿಸುತ್ತದೆ. ಸೀಸ ಇದ್ದಲ್ಲಿ ಅದು ಕಡಿಮೆಯಾಗುತ್ತದೆ. ನಾಳಗಳು ಬಿಗಿದುಕೊಳ್ಳುತ್ತವೆ, ಗಡುಸಾಗುತ್ತವೆ. ಇನ್ನೊಂದು ಕಡೆ ಸೀಸ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಅಂಗ ಅದೇ. ಎರಡೂ ಸೇರಿ ಒತ್ತಡ ಏರುತ್ತದೆ. ಹೃದಯ ಬಡಿತದ ಲಯವನ್ನು ನಡೆಸುವ ನರಗಳ ಮೇಲೂ ಸೀಸದ ಕೈವಾಡವಿರುತ್ತದೆ. ವಿಶ್ರಾಂತಿಯಲ್ಲಿ, ದುಡಿಮೆಯಲ್ಲಿ, ನಿದ್ದೆಯಲ್ಲಿ ಬಡಿತ ತಕ್ಕಂತೆ ಬದಲಾಗುವ ಶಕ್ತಿ ಕುಗ್ಗುತ್ತದೆ. ಹೃದಯದ ಕಾಯಿಲೆ ಮತ್ತು ನರಗಳ ಕಾಯಿಲೆ ಬೇರೆ ಬೇರೆ ಎಂದು ನಾವು ತಿಳಿದಿದ್ದರೆ, ಸೀಸದ ವಿಷಯದಲ್ಲಿ ಅವೆರಡೂ ಒಂದೇ ಹಗ್ಗದ ಎರಡು ತುದಿಗಳು.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ 14,289 ವಯಸ್ಕರನ್ನು ಸುಮಾರು 19 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಸೀಸ ಹೆಚ್ಚಿದ್ದವರು ಹೃದ್ರೋಗದಿಂದ ಸಾಯುವ ಸಾಧ್ಯತೆ, ತೀರಾ ಕಡಿಮೆ ಇದ್ದವರಿಗಿಂತ ಸುಮಾರು ಶೇ. 70ರಷ್ಟು ಹೆಚ್ಚಿತ್ತು. ಅವರಲ್ಲಿದ್ದ 'ಹೆಚ್ಚು' ಎಂದರೆ 100 ಮಿಲಿಲೀಟರ್ ರಕ್ತಕ್ಕೆ ಏಳು ಮೈಕ್ರೋಗ್ರಾಂಗೂ ಕಡಿಮೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. ಸೀಸ ಕರಗಿಸುವ ಕೆಲಸಗಾರರ ರಕ್ತದಲ್ಲಿ ಇದರ ಹಲವು ಪಟ್ಟು ಸಿಗುವುದು ಅಪರೂಪವಲ್ಲ. 2023ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಸೀಸವನ್ನು ಹೃದ್ರೋಗದ ಅಪಾಯಕಾರಿ ಅಂಶವೆಂದು ಎಚ್ಚರಿಸಿತು. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಸೀಸಕ್ಕಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಕೆಲಸ ಬಿಟ್ಟರೂ ಬಿಡದು, ಮನೆಯನ್ನೂ ಬಿಡದು

ರಕ್ತದಲ್ಲಿರುವ ಸೀಸ, ಹೊಸದಾಗಿ ಸೇರದಿದ್ದರೆ, ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ದೊಡ್ಡವರ ದೇಹದಲ್ಲಿ ಸೇರಿದ ಸೀಸದಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಎಲುಬಿನಲ್ಲಿ ಹೋಗಿ ಕೂರುತ್ತದೆ. ಅಲ್ಲಿ ಅದು ದಶಕಗಳ ಕಾಲ ಉಳಿದು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಮರಳುತ್ತಿರುತ್ತದೆ. ಇಪ್ಪತ್ತರ ಹರೆಯದಲ್ಲಿ ಸೇರಿದ ಸೀಸ ಐವತ್ತರಲ್ಲೂ ಕಾಡಬಹುದು. ಗರ್ಭಿಣಿಯ ದೇಹ ಮಗುವಿಗೆಂದು ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವಾಗ ಅದರ ಜೊತೆ ಸೀಸವೂ ಹೊರಟು ಗರ್ಭದ ಮಗುವನ್ನು ತಲುಪುತ್ತದೆ.

ಮನೆಯ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಸೀಸ ಹೇಗೆ ತಲುಪುತ್ತದೆ? ಅಬ್ಬಾ ಕೆಲಸದಿಂದ ಬರುತ್ತಾರೆ. ಮಗು ಓಡಿಬಂದು ಕಾಲು ತಬ್ಬಿಕೊಳ್ಳುತ್ತದೆ. ಅಂಗಿಯನ್ನು ಅಮ್ಮ ಝಾಡಿಸಿ ಎಲ್ಲರ ಬಟ್ಟೆಯ ಜೊತೆ ನೆನೆಹಾಕುತ್ತಾರೆ. ಧೂಳು ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಮಗು ಆ ನೆಲದ ಮೇಲೆ ಕೈಯಿಟ್ಟು, ಆ ಕೈಯನ್ನೇ ಬಾಯಿಗಿಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದು ಸುಮಾರು ಹತ್ತನೇ ಒಂದು ಭಾಗವಾದರೆ, ಪುಟ್ಟ ಮಕ್ಕಳ ದೇಹ ಅರ್ಧದಷ್ಟನ್ನು ಹೀರಬಲ್ಲದು. ಬೆಳೆಯುವ ಮೆದುಳಿಗೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಓದಿನಲ್ಲಿ ಹಿಂದೆ ಬೀಳುವ, ಒಂದೆಡೆ ಕೂರಲಾಗದ ಮಗುವನ್ನು ನಾವು 'ದಡ್ಡ', 'ತುಂಟ' ಎಂದು ಬೈಯುವ ಮೊದಲು ಇದನ್ನೂ ಯೋಚಿಸಬೇಕು.

ಈ ವಿಷ ಒಂದು ಬಡಾವಣೆಯನ್ನೇ ಹೇಗೆ ನುಂಗಬಲ್ಲದೆಂಬುದಕ್ಕೆ ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಆಫ್ರಿಕಾದ ಸೆನೆಗಲ್ ದೇಶದಲ್ಲಿ ನಡೆದ ದುರಂತ ಸಾಕ್ಷಿ. ರಾಜಧಾನಿ ಡಾಕಾರ್‌ನ ಹೊರವಲಯದ ಥಿಯಾರೋಯ್ ಎಂಬಲ್ಲಿ ಹಳೆ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುವ ಕೆಲಸ ವರ್ಷಗಟ್ಟಲೆ ಬೀದಿಯಲ್ಲೇ ನಡೆದಿತ್ತು. ಮಣ್ಣಿನಲ್ಲಿ ಉಳಿದ ಸೀಸದ ಚೂರುಗಳಿಗೂ ಬೆಲೆ ಬಂದಾಗ ಜನ ಆ ಮಣ್ಣನ್ನು ಅಗೆದು, ಮನೆಗೆ ತಂದು ಜರಡಿ ಹಿಡಿದರು. 2007ರ ನವೆಂಬರ್‌ನಿಂದ 2008ರ ಮಾರ್ಚ್ ನಡುವೆ ಅಲ್ಲಿ 18 ಮಕ್ಕಳು ತೀರಿಕೊಂಡರು. ಸೀಸವೇ ಕಾರಣವಿರಬೇಕೆಂದು ತನಿಖೆ ನಡೆಸಿದ ತಜ್ಞರು ತೀರ್ಮಾನಿಸಿದರು. ಆ ಮಕ್ಕಳ ತಾಯಂದಿರು ನಿರ್ಲಕ್ಷ್ಯದವರಾಗಿರಲಿಲ್ಲ. ಮಕ್ಕಳ ಹೊಟ್ಟೆ ತುಂಬಿಸಲೆಂದೇ ಮಣ್ಣು ಜರಡಿ ಹಿಡಿದವರು ಅವರು. ಅವರಿಗೆ ಹೇಳುವವರಿರಲಿಲ್ಲ, ಅಷ್ಟೇ.

ನಮ್ಮಲ್ಲಿ ಹೇಳುವವರಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳಿಂದ ಈ ಬಗ್ಗೆ ದೇಶವನ್ನು ಎಚ್ಚರಿಸುತ್ತಾ ಬಂದವರು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಮನೆಗೆ ಹೊಡೆಯುವ ಬಣ್ಣದಲ್ಲಿ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಗಾಳಿ ಎಷ್ಟೋ ಸುಧಾರಿಸಿತು. ಕೆಲಸದ ಶೆಡ್ಡಿನೊಳಗಿನ ಗಾಳಿ ಮಾತ್ರ ನಾವು ಸುಧಾರಿಸದೆ ಸುಧಾರಿಸುವುದಿಲ್ಲ.

ಪರೀಕ್ಷೆ, ಚಿಕಿತ್ಸೆ

ಇಟಲಿಯ ವೈದ್ಯ ರಮಾಝಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಗ್ರಂಥ ಬರೆದರು. ಸೀಸದ ಮೆರುಗು ಬಳಿಯುವ ಕುಂಬಾರರ ಕೈ ನಡುಗುವುದನ್ನು ಅವರು ಅಂದೇ ದಾಖಲಿಸಿದ್ದರು. ರೋಗಿಯನ್ನು ನೋಡುವಾಗ ಅವನ ಕಸುಬು ಏನೆಂದು ತಪ್ಪದೆ ಕೇಳಬೇಕೆಂದು ವೈದ್ಯರಿಗೆ ಕಲಿಸಿದವರೂ ಅವರೇ. ಇಂದಿನ ವೈದ್ಯರು ಅವಸರದಲ್ಲಿ ಕೇಳದಿದ್ದರೆ ನಾವೇ ಹೇಳೋಣ: "ಡಾಕ್ಟರೇ, ನಾನು ಬ್ಯಾಟರಿ ಕೆಲಸ ಮಾಡುತ್ತೇನೆ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಬೇಕೇ?" ಈ ಒಂದು ಮಾತು ವರ್ಷಗಳ ತಪ್ಪು ಔಷಧವನ್ನು ತಪ್ಪಿಸಬಹುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ, ಇಸಿಜಿಯಲ್ಲಿ ಸೀಸ ಕಾಣುವುದಿಲ್ಲ. ಅದಕ್ಕೆ 'ಬ್ಲಡ್ ಲೆಡ್' ಎಂಬ ಪರೀಕ್ಷೆಯನ್ನೇ ಕೇಳಿ ಮಾಡಿಸಬೇಕು. 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸಿಕ್ಕರೆ, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆಲ್ಲ ತಿಂದರೆ ಧೂಳು ಇಳಿಯುತ್ತದೆ, ಹಾಲು ಕುಡಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕೆಲಸಗಾರರಲ್ಲಿದೆ. ಸೀಸಕ್ಕೆ ಇದು ಮದ್ದಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಅಂಶ ಸಾಕಷ್ಟಿರುವ ಊಟ ಮಾಡುವವರ ದೇಹ ಸೀಸವನ್ನು ಕಡಿಮೆ ಹೀರುತ್ತದೆ ಎಂಬುದು ನಿಜ. ಹಾಲು, ಮೊಸರು, ರಾಗಿ, ಸೊಪ್ಪು, ಮಾಂಸ, ಮೀನು ಒಳ್ಳೆಯವೇ. ಸಹರಿ ಬಿಡಬಾರದು. ಆದರೆ ಒಳಸೇರಿದ ಸೀಸವನ್ನು ಇವು ಹೊರಹಾಕುವುದಿಲ್ಲ. ಪ್ರಮಾಣ ತುಂಬಾ ಹೆಚ್ಚಿದ್ದರೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಗಳಿವೆ. ಅವನ್ನು ತಜ್ಞ ವೈದ್ಯರೇ ಕೊಡಬೇಕು. ಔಷಧ ತೆಗೆದುಕೊಳ್ಳುತ್ತಾ ಅದೇ ಧೂಳಿನಲ್ಲಿ ದುಡಿಯುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ಸೀಸದಿಂದ ದೂರವಾಗುವುದೇ ಮೊದಲ ಚಿಕಿತ್ಸೆ.

ಸುರ್ಮಾದ ಬಗ್ಗೆಯೂ ಒಂದು ಮಾತು. ಪೇಟೆಯಲ್ಲಿ ಸಿಗುವ ಹಲವು ಸುರ್ಮಾಗಳಲ್ಲಿ ಮುಖ್ಯ ವಸ್ತು ಸೀಸದ ಅದಿರೇ. ಸುನ್ನತ್ ಎಂಬ ಪ್ರೀತಿಯಿಂದ ಎಳೆಮಕ್ಕಳ ಕಣ್ಣಿಗೆ ಅದನ್ನು ಹಚ್ಚುವ ಹೆತ್ತವರು, ಸೀಸವಿಲ್ಲದ್ದೆಂದು ಖಚಿತವಾಗದಿದ್ದರೆ ಬಿಡುವುದೇ ಲೇಸು. ಮಗು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುತ್ತದೆ.

ನಾವು ಮಾಡಬೇಕಾದ್ದು

ಕೆಲಸದ ಬಟ್ಟೆ, ಚಪ್ಪಲಿ ಕೆಲಸದಲ್ಲೇ ಇರಲಿ. ಮನೆಗೆ ಹೊರಡುವ ಮೊದಲು ಸ್ನಾನ ಮಾಡಿ ಬೇರೆ ಬಟ್ಟೆ ತೊಡಬೇಕು. ಅದಾಗದಿದ್ದರೆ ಕೈ, ಮುಖ, ತಲೆ ತೊಳೆದು ಬಟ್ಟೆ ಬದಲಿಸಬೇಕು. ನಮಾಝಿಗೂ ಬೇರೆ ಶುಭ್ರ ಉಡುಪು, ಟೋಪಿ ಇಟ್ಟುಕೊಂಡರೆ ಮಸೀದಿಯ ಚಾಪೆಗೂ ಧೂಳು ತಲುಪದು. ಕೆಲಸದ ಬಟ್ಟೆಯನ್ನು ಝಾಡಿಸಬಾರದು, ಬೇರೆಯಾಗಿಯೇ ಒಗೆಯಬೇಕು. ಶೆಡ್ಡನ್ನು ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಮೇಜಿನ ಮೇಲೆ ಊಟ, ಚಹಾ, ಬೀಡಿ ಬೇಡ. ಕರವಸ್ತ್ರ ಕಟ್ಟಿಕೊಂಡರೆ ಸೀಸದ ಹೊಗೆ ನಿಲ್ಲುವುದಿಲ್ಲ. ಲೋಹದ ಹೊಗೆಗೆಂದೇ ಮಾಡಿದ ಫಿಲ್ಟರ್ ಮಾಸ್ಕ್ ಬೇಕು, ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಬೇಕು. ಮನೆಯಂಗಳದಲ್ಲಿ, ಅಡುಗೆ ಒಲೆಯಲ್ಲಿ ಸೀಸ ಕರಗಿಸುವುದು ಎಂದಿಗೂ ಕೂಡದು. ಹಳೆ ಬ್ಯಾಟರಿಯನ್ನು ಒಡೆಯದೆ, ಹಾಗೆಯೇ ಡೀಲರಿಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಆಶಯವೂ ಅದೇ.

ಅಂಗಡಿ ಇಟ್ಟಿರುವ ಸಹೋದರರಿಗೆ ನಮ್ಮದೊಂದು ವಿನಂತಿ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನಿಮಗೆ ಗೊತ್ತು. ಕೂಲಿ ಪಡೆಯುವವನ ಆರೋಗ್ಯವೂ ನಿಮ್ಮ ಕೈಯಲ್ಲಿರುವ ಅಮಾನತ್. ಇನ್ನೊಬ್ಬರಿಗೆ ಹಾನಿ ಮಾಡಬಾರದು ಎಂಬುದು ಶರೀಅತ್‌ನ ಮೂಲ ನಿಯಮಗಳಲ್ಲೊಂದು. ಸೋಪು, ನೀರು, ಮಾಸ್ಕ್, ವರ್ಷಕ್ಕೊಂದೆರಡು ರಕ್ತಪರೀಕ್ಷೆ, ಇವಕ್ಕೆ ಆಗುವ ಖರ್ಚು ವ್ಯಾಪಾರದ ಬರ್ಕತ್ತನ್ನು ಕಡಿಮೆ ಮಾಡದು. ಪರೀಕ್ಷೆಯಲ್ಲಿ ಸೀಸ ಹೆಚ್ಚು ಕಂಡ ಕೆಲಸಗಾರನನ್ನು ಹೊರಗೆ ಕಳಿಸಬೇಡಿ, ಧೂಳಿಲ್ಲದ ಕೆಲಸಕ್ಕೆ ಹಾಕಿ. ಹೊರಗೆ ಕಳಿಸುತ್ತಾರೆಂಬ ಭಯವಿದ್ದರೆ ಯಾರೂ ಪರೀಕ್ಷೆಗೆ ಬರುವುದಿಲ್ಲ. ಸೀಸದಿಂದ ಬರುವ ಕಾಯಿಲೆಯನ್ನು ಕೆಲಸದಿಂದ ಬಂದ ಕಾಯಿಲೆಯೆಂದು ಪರಿಗಣಿಸಿ ಪರಿಹಾರ ಕೊಡಬೇಕೆಂಬುದು 1923ರ ಕಾಯ್ದೆಯ ಕಾಲದಿಂದಲೂ ನಮ್ಮ ದೇಶದ ಕಾನೂನು. ಇಎಸ್‌ಐ ಸೌಲಭ್ಯ ಇರುವವರು ಅದನ್ನು ಬಳಸಿಕೊಳ್ಳಬೇಕು. ರಜೆಯಲ್ಲಿ ಕಸುಬು ಕಲಿಯಲೆಂದು ಮಕ್ಕಳನ್ನು ಇಂಥ ಶೆಡ್ಡುಗಳಿಗೆ ಕಳಿಸುವ ಅಭ್ಯಾಸವನ್ನು ಹೆತ್ತವರೂ ಕೈಬಿಡಬೇಕು. ಅಪಾಯಕಾರಿ ಕೆಲಸಕ್ಕೆ ಹದಿನೆಂಟರೊಳಗಿನವರನ್ನು ಹಚ್ಚುವುದು ಕಾನೂನಿನಲ್ಲೂ ನಿಷಿದ್ಧ.

ಕೆಲವರು, "ತಕ್ದೀರಿನಲ್ಲಿ ಇದ್ದದ್ದು ಆಗುತ್ತದೆ" ಎಂದು ಸುಮ್ಮನಾಗುತ್ತಾರೆ. ಅವರು ಹಝ್ರತ್ ಉಮರ್(ರ)ರನ್ನು ನೆನೆಯಬೇಕು. ಸಿರಿಯಾ ಕಡೆ ಹೊರಟಿದ್ದ ಅವರು ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಜನರೊಂದಿಗೆ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಅಪಾಯ ಗೊತ್ತಾದ ಮೇಲೆ ದೂರ ಸರಿಯುವುದು ಈಮಾನಿಗೆ ವಿರುದ್ಧವಲ್ಲ. ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಕುರ್‌ಆನ್ ನಮ್ಮನ್ನು ಎಚ್ಚರಿಸಿದೆ.

ಜಮಾಅತ್‌ಗಳೂ ಮುಂದೆ ಬರಬೇಕು. ಮಸೀದಿಯಲ್ಲಿ ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡುವಂತೆ ಬ್ಯಾಟರಿ, ಗುಜರಿ, ಪೇಂಟಿಂಗ್ ಕೆಲಸಗಾರರಿಗಾಗಿ ಸೀಸದ ರಕ್ತಪರೀಕ್ಷೆಯ ಶಿಬಿರವನ್ನೂ ಮಾಡಬಹುದು. ರಮಝಾನಿಗೆ ಮೊದಲ ಜುಮಾದಲ್ಲಿ ಖತೀಬರು ಎರಡು ನಿಮಿಷ ಈ ವಿಷಯ ಹೇಳಿದರೆ ಎಷ್ಟೋ ಮನೆಗಳಿಗೆ ತಲುಪುತ್ತದೆ. ಇಫ್ತಾರಿಗೆ ಮಸೀದಿಗೆ ಬರುವ ಕೆಲಸಗಾರರಿಗಾಗಿ ವುಝೂ ನಲ್ಲಿಗಳ ಪಕ್ಕ ಒಂದೊಂದು ಸೋಪು ಇಡುವುದಂತೂ ನಾಳೆಯೇ ಆಗಬಹುದಾದ ಕೆಲಸ.

ನಮ್ಮ ದುಡಿಯುವ ಕೈಗಳಿಗೆ ಅಲ್ಲಾಹನು ಬಲ ನೀಡಲಿ, ಆ ಕೈಗಳು ತರುವ ಅನ್ನದಲ್ಲಿ ಬರ್ಕತ್ ನೀಡಲಿ. ನಮ್ಮ ಮಕ್ಕಳನ್ನು ಕಾಣುವ, ಕಾಣದ ಎಲ್ಲ ಕೆಡುಕುಗಳಿಂದ ಕಾಪಾಡಲಿ. ಆಮೀನ್.